ನನ್ನನ್ನ ವಿರೋಧ ಮಾಡೋರು ಯಾರ್ರಿ?

ಇಂಗ್ಲಿಷ್ ಕಲಿಸೋ ಮಾಸ್ತರನ ಬಾಳೇವದಾಗ ಇಂಥಾವು ಆಗಕೋತನ ಇರ್ತಾವ್ರಿ. ನಾವು ಹೇಳೋದು ಒಂದು, ಹುಡುಗರು ತಿಳಕೊಳ್ಳೋದು ಇನ್ನೊಂದು, ಅದು ಊರಾಗ ಹಬ್ಬೋ ಹೊತ್ತಿಗೆ ಬ್ಯಾರೇನೇ ಆಗಿರತೈತಿ. ಉಳಿದ ಶಬ್ದಗಳು ಹೆಂಗೋ ದಾಟಿ ಹೋದವು. 'ಅಪೋಜ್' ಅನ್ನೋ ಒಂದ ಶಬ್ದ ಮಾತ್ರ ನನ್ನ ಬೆನ್ನ ಹತ್ತಿ ನೌಕರಿ ತನಾ ಬಂತು.

ಎಪ್ಪತ್ತರ ದಶಕದ ಮಾತು. ನಾ ಟಿಕೋಟಾದ ಹೈಸ್ಕೂಲಿನಾಗ ಇಂಗ್ಲಿಷ್ ಮಾಸ್ತರ. ಮನಿ ವಿಜಾಪುರದಾಗ, ದಿನಾ ಬಸ್ಸಿನಾಗ ಹೋಗಿ ಬರೋದು. ನೌಕರಿ ಇನ್ನಾ ಕಾಯಂ ಆಗಿದ್ದಿಲ್ಲ. ಅದನ್ನ ಕಾಯಂ ಮಾಡೋದು ಸಾಲಿ ಕಮೀಟಿ ಚೇರಮನ್ನರ ಕೈಯಾಗಿತ್ತು. ಕಾಯಂ ಆಗೋತನಾ ಮಗಳನ್ನ ಕೊಡೂದಿಲ್ಲ ಅಂತ ಇಟ್ಟಂಗಿಹಾಳದ ನಮ್ಮ ಸೋದರಮಾವ ಹಟ ಹಿಡದು ಕುಂತಿದ್ದ. ಅಂದ್ರ ನನ್ನ ಪಗಾರ, ನನ್ನ ಲಗ್ನ ಎರಡೂ ಚೇರಮನ್ನರ ಒಂದು 'ಹೂಂ' ಮ್ಯಾಲ ನಿಂತಿದ್ದವು.

೧. ಮಾವನ ಎದುರು

ಸಾಲಿಯೊಳಗ ಚರ್ಚಾಸ್ಪರ್ಧೆ ಮಾಡಬೇಕಂತ ಮ್ಯಾಲಿಂದ ಹುಕುಂ ಬಂತು. ಇಂಗ್ಲಿಷ್ ಮಾಸ್ತರ ಅಂದ ಮ್ಯಾಲ ಅದು ನನ್ನ ಕೊಳ್ಳಿಗೇ ಬಿತ್ತು. ಬೋರ್ಡಿನ ಮ್ಯಾಲ 'ಅಪೋಜ್' ಅಂತ ದೊಡ್ಡದಾಗಿ ಬರದೆ. "ನೋಡ್ರಿಲೇ, ಒಬ್ಬ ಹಳ್ಳಿ ಚಲೋ ಅಂತಾನ. ಇನ್ನೊಬ್ಬ ಎದ್ದು, ಅಲ್ಲ, ಪ್ಯಾಟಿ ಚಲೋ ಅಂತ ವಿರೋಧ ಮಾಡಬೇಕು. ಇದಕ್ಕ ಅಪೋಜ್ ಅಂತಾರ" ಅಂತ ಹೇಳಿ, ಮಾತಿನ ಮಲ್ಲ ಅನಿಸಿಕೊಂಡಿದ್ದ ಒಬ್ಬ ಹುಡುಗನ್ನ ವಿರೋಧಕ್ಕ ಎಬ್ಬಿಸಿದೆ. ಅವ ನೆಲ ನೋಡಕೋತ ನಿಂತ.

"ಯಾಕೋ, ಬಾಯಿ ಬಿದ್ದು ಹೋಗೈತೇನು?"

"ಆಗೂದಿಲ್ರಿ ಸರ್ರ. ಹಳ್ಳಿ ಚಲೋ ಅನ್ನಾಂವ ನಮ್ಮ ಮಾವ."

ಆ ಮಾವ ಮುಂದಿನ ಸಾಲಿನಾಗ ಕುಂತಿದ್ದ. ಅಳಿಯನಕಿಂತ ಗೇಣುದ್ದ ಕಡಿಮಿ ಇದ್ದ, ಮೂಗ ಒರಸಕೋತ. ಸಂಬಂಧದಾಗ ಮಾತ್ರ ಅವ್ವನ ತಮ್ಮ. "ಮಾವನ ಎದುರು ಮಾತಾಡಿದೆ ಅಂತ ಗೊತ್ತಾದ್ರ ನಮ್ಮವ್ವ ಉಣ್ಣಾಕ ಹಾಕೂದಿಲ್ರಿ" ಅಂದ ಅಳಿಯ.

ಬೈಯಾಕ ನನಗ ಬಾಯಿ ಬರಲಿಲ್ಲ. ಇಟ್ಟಂಗಿಹಾಳಕ್ಕ ಹೋದಾಗ ನಮ್ಮ ಮಾವನ ಎದುರು ನಾ ಅರ ಎಲ್ಲೆ ತಲಿ ಎತ್ತಿದ್ದೆ? ಕಡೀಕ ಆ ಸಣ್ಣ ಮಾವನ ಕಡೆಯಿಂದ್ಲೇ ಅಪ್ಪಣೆ ಕೊಡಸಬೇಕಾತು. ಅವ ದೊಡ್ಡ ಮನಸ್ಸ ಮಾಡಿ, "ಇರ್ಲಿ, ಮಾತಾಡಲೇ ಅಳಿಯಾ" ಅಂದ. ಅಳಿಯ ಮುಂದ ಬಂದು ಮೊದಲ ಮಾವಗ ಕೈ ಮುಗದ, ಆಮ್ಯಾಲ ನನಗ ಮುಗದ, ಆಮ್ಯಾಲ ಗಂಟಲ ಸರಿ ಮಾಡಿಕೊಂಡ.

"ನಮ್ಮ ಮಾವ ಹೇಳಿದ್ದೆಲ್ಲ ಖರೆ ಐತಿ. ಹಳ್ಳಿನೇ ಚಲೋ. ಅದಕ್ಕ ನನ್ನ ಪೂರಾ ವಿರೋಧ ಐತಿ."

೨. ನಿಂದ್ರೋದೆಲ್ಲಿ?

ಶಬ್ದದ ಬೇರು ಗೊತ್ತಿಲ್ಲದ್ದಕ್ಕ ಕಲಿಸಾಕ ಬರವಲ್ದು ಅಂತ ನನಗ ಅನಿಸ್ತು. ಐತವಾರ ಗಾಂಧಿ ಚೌಕದ ಹತ್ತರ ಇದ್ದ ವಾಚನಾಲಯಕ್ಕ ಹೋಗಿ, ಎರಡೂ ಕೈಲೆ ಎತ್ತಬೇಕಾದಂಥ ನಿಘಂಟು ತಗಸಿ ಕುಂತೆ. ಆ ಶಬ್ದ ಲ್ಯಾಟಿನ್‌ದಾಗ ಹುಟ್ಟಿ, ಫ್ರೆಂಚರ ಮನಿ ಹಾದು ಇಂಗ್ಲಿಷಿಗೆ ಬಂದಿತ್ತು. ಮೂಲದಾಗ ಅದರರ್ಥ ವಿರೋಧ ಅಲ್ಲ. ಒಂದನ್ನ ಎದುರಿಗೆ ಇಡೋದು, ಅಷ್ಟ. ಹಿಂದಕ್ಕ ಯಾರನ್ನರ ಎದುರಿಗೆ ನಿಂದ್ರಿಸಿ ಪ್ರಶ್ನೆ ಕೇಳೋದಕ್ಕೂ ಅದೇ ಶಬ್ದ ಇತ್ತಂತ. ಬಂಗಾರ ಸಿಕ್ಕಷ್ಟು ಖುಷಿಯಿಂದ ಸೋಮವಾರ ಸಾಲಿಗೆ ಬಂದು ಮಾಸ್ತರ ಖೋಲಿಯೊಳಗ ಹೇಳಿದೆ.

ಅಲ್ಲೆ ನಮ್ಮ ಉರ್ದು ಮಾಸ್ತರು ಕುಂತಿದ್ರು. ಅವ್ರ ಮನಿ ಗೋಳಗುಮ್ಮಟದ ಬಾಜೂಕ. ದಿನಾ ನಾವಿಬ್ಬರೂ ಒಂದೇ ಬಸ್ಸು, ಒಂದೇ ಸೀಟು, ಒಬ್ಬರ ಡಬ್ಬಿ ಇನ್ನೊಬ್ಬರು ತಿನ್ನೋದು. ಅವ್ರು ನಕ್ಕೋತ ಹೇಳಿದ್ರು, "ಮಜಾ ಐತಿ ನೋಡ್ರಿ. ನಮ್ಮ ಕಡೆ ವಿರೋಧಕ್ಕ ಮುಖಾಲಿಫತ್ ಅಂತೀವಿ. ಅದರ ಬೇರು ಅರಬ್ಬೀದಾಗ ಐತಿ. ಹಿಂದ, ಬೆನ್ನ ಹಿಂದ, ಅಂತ ಅದರರ್ಥ."

"ನಮ್ಮ ವಿರೋಧ ಸಂಸ್ಕೃತದ್ದು. ತಡಿಯೋದು, ಹಾದಿ ಕಟ್ಟೋದು ಅಂತ" ಅಂದೆ ನಾ.

ಮೂಲ್ಯಾಗ ಹೆಡ್‌ಮಾಸ್ತರು ತಮ್ಮ ಕುರ್ಚಿಯೊಳಗ ಕುಂತಿದ್ರು. ಅವ್ರು ಭಾಳ ಸಾಧು ಮನುಷ್ಯ. ಯಾರ ತಂಟಿಗೂ ಹೋದವ್ರಲ್ಲ, ಮುಂಜಾನಿ ಕುಂತ್ರ ಸಂಜಿಕೇನೇ ಏಳೋರು. ನಮ್ಮ ಮಾತ ಕೇಳಿ ಅವ್ರ ಮುಖ ಸಣ್ಣದಾತು.

"ಅಂದ್ರ ಎದುರಿಗೆ ನಿಂತ್ರ ಇಂಗ್ಲಿಷಿನಾಗ ವಿರೋಧ. ಹಿಂದ ನಿಂತ್ರ ಉರ್ದುದಾಗ ವಿರೋಧ. ಹಾದ್ಯಾಗ ನಿಂತ್ರ ಸಂಸ್ಕೃತದಾಗ ವಿರೋಧ. ಹಂಗಾರ ಮನುಷ್ಯ ನಿಂದ್ರೋದೆಲ್ಲಿ?"

ನಾವಿಬ್ಬರೂ ಖೋಲಿ ಸುತ್ತ ಜಾಗಾ ಹುಡುಕಿ ನೋಡಿದಿವಿ.

"ಅದಕ್ಕ ನೋಡ್ರಿ, ನಾ ಕುಂತೇ ಇರ್ತೀನಿ" ಅಂದ್ರು ಹೆಡ್‌ಮಾಸ್ತರು.

೩. ಬಬಲೇಶ್ವರದ ರಾಜಿ

ಬಬಲೇಶ್ವರದಾಗ ಸುತ್ತಲಿನ ಸಾಲಿಗಳನ್ನೆಲ್ಲ ಕೂಡಿಸಿ ಚರ್ಚಾಸ್ಪರ್ಧೆ ಇಟ್ಟರು. ತೀರ್ಪು ಕೊಡಾಕ ನನ್ನನ್ನ ಕರದ್ರು. ಚೇರಮನ್ನರೂ ಜೋಡಿ ಬರ್ತೀನಂದ್ರು. ಇವತ್ತ ಅವ್ರ ಕಣ್ಣಿಗೆ ಬಿದ್ರ ನೌಕರಿ ಕಾಯಂ ಆಧಂಗ ಅಂತ ನಾ ಇಸ್ತ್ರಿ ಅಂಗಿ ಹಾಕ್ಕೊಂಡು, ಬಸ್ಸಿನಾಗ ಅದು ಮುದುಡಬಾರದಂತ ನಿಂತೇ ಹೋದೆ.

ಬಾವಿ ನೀರು ಚಲೋನೋ, ನಳದ ನೀರು ಚಲೋನೋ ಅನ್ನೋದು ವಿಷಯ. ಒಬ್ಬಾಕಿ ಹುಡುಗಿ ಬಾವಿ ಪರವಾಗಿ ಮಾತಾಡಿದಳು. ಒಬ್ಬ ಹುಡುಗ ಎದ್ದು ವಿರೋಧ ಮಾಡಿದ, ಬಾವಿ ನೀರಾಗ ಹುಳ ಬೀಳ್ತಾವು, ರೋಗ ಬರ್ತಾವು ಅಂತ ಕೈ ಎತ್ತಿ ಎತ್ತಿ ಹೇಳಾಕತ್ತ. ಕೇಳಾಕ ಬಂದಿದ್ದ ಊರ ಹಿರಿಯರೊಳಗ ಒಬ್ಬ ಅಜ್ಜ ತಡಕೊಳ್ಳಲಾರದ ಎದ್ದ.

"ತಡೀರಿ ತಡೀರಿ. ತಂಗಿ, ನಿಮ್ಮ ಬಾವಿ ಎಲ್ಲೈತವಾ?"

"ನಮಗ ಬಾವಿ ಇಲ್ರಿ ಅಜ್ಜಾ, ನಳಾ ಐತಿ" ಅಂದಳು ಹುಡುಗಿ.

"ಮತ್ತ ನಿಂದೋ ತಮ್ಮಾ?"

"ನಾವು ಬಾವಿ ನೀರೇ ಕುಡೀತೀವ್ರಿ."

"ಅಂದ್ರ ಆಕಿಗೆ ಬೇಕಾದ್ದು ನಿನ್ನ ಕಡೆ ಐತಿ, ನಿನಗ ಬೇಕಾದ್ದು ಆಕಿ ಕಡೆ ಐತಿ. ಒಂದೊಂದ ಕೊಡ ಕೊಟ್ಟು ತಗೊಳ್ರಿ. ಇದಕ್ಕ ಮಂದಿ ಕೂಡಿಸಿ ಜಗಳ ಆಡೋದೇನೈತಿ?"

ಸಭಾ ಎಲ್ಲಾ ಹೌದು ಹೌದು ಅಂತು. ಇಬ್ಬರನ್ನೂ ಒಂದೇ ಕಡೆ ಕುಂದ್ರಿಸಿ, ಚುರಮರಿ ತರಿಸಿ ತಿನಿಸಿದ್ರು. ನಾ ಎದ್ದು, "ಅಜ್ಜಾರ, ಇದು ಜಗಳ ಅಲ್ರಿ, ಸ್ಪರ್ಧೆ. ತೀರ್ಪು ಇನ್ನಾ ಬಾಕಿ ಐತಿ. ವಿರೋಧ ಮಾಡಿದಾಂವ ಭಾಳ ಚಲೋ ಮಾತಾಡ್ಯಾನ" ಅಂದೆ.

ಅಜ್ಜ ನನ್ನ ಕಡೆ ಕೆಟ್ಟ ಮುಖಾ ಮಾಡಿ ನೋಡಿದ. "ಮಾಸ್ತರ, ಕೂಡಿದ ಹುಡುಗರ ನಡುವ ಮತ್ತ ಕಡ್ಡಿ ಆಡಸಬ್ಯಾಡ್ರಿ. ಚುರಮರಿ ತಿಂದು ಗಾಡಿ ಹಿಡೀರಿ."

೪. ಚೇರಮನ್ನರಿಗೆ ಹತ್ತಿದ ರುಚಿ

ಬರೋ ಮುಂದ ಚೇರಮನ್ನರು ಬಸ್ಸಿನಾಗ ಸುಮ್ಮ ಕುಂತಿದ್ರು. ನನ್ನ ಕತಿ ಮುಗೀತು ಅನ್ಕೊಂಡೆ. ಟಿಕೋಟಾ ಹತ್ತರ ಬಂದಾಗ ಬಾಯಿ ತಗದ್ರು.

"ಮಾಸ್ತರ, ಕಮೀಟಿಯೊಳಗ ನಾ ಏನ್ ಅಂದ್ರೂ ಎಲ್ಲಾರೂ ಹೂಂ ಅಂತಾರ. ಇವತ್ತ ಆ ಹುಡುಗ ವಿರೋಧ ಮಾಡಿದ್ದ ನೋಡಿ ತಿಳೀತು, ಅದರಾಗ ಉಪ್ಪಿಲ್ಲ ಖಾರಿಲ್ಲ. ಇನ್ನ ಮ್ಯಾಲ ಒಬ್ಬರರ ವಿರೋಧ ಮಾಡದ ಯಾವ ಮಾತೂ ಪಾಸ್ ಮಾಡೂದಿಲ್ಲ."

ಅವತ್ತ ಹೋದವ್ರು ಮನ್ಯಾಗೂ ಸುರು ಮಾಡಿದ್ರಂತ. ಬದನಿಕಾಯಿ ಪಲ್ಯಾ ಮಾಡು ಅಂತ ಹೇಳಿ, "ಈಗ ಇದಕ್ಕ ವಿರೋಧ ಮಾಡು" ಅಂದ್ರಂತ ಹೆಂಡತಿಗೆ. ಆ ತಾಯಿ ಒಲಿ ಮುಂದಿಂದ ತಿರುಗಿ ನೋಡಿ, "ಇಷ್ಟು ವರ್ಷ ನಾ ಮಾಡಿದ್ದು ಮತ್ತೇನು ಅನ್ಕೊಂಡಿದ್ರಿ?" ಅಂದಳಂತ. ಇದನ್ನ ಚೇರಮನ್ನರೇ ನಮಗ ಹೇಳಿ ನಕ್ಕರು.

ನಗು ಮುಗಿಸಿ ನನಗಂದ್ರು, "ನಿಮ್ಮ ಕಾಯಂ ಮಾತು ಬರೋ ಸೋಮವಾರ ತಗೀತೀನಿ. ವಿರೋಧ ಮಾಡೋರನ್ನ ನೀವೇ ಕರಕೊಂಡ ಬರ್ರಿ. ವಿರೋಧ ಇಲ್ಲಂದ್ರ ಕಾಯಂ ಇಲ್ಲ."

೫. ಎದುರಿಗೆ ಆಗೂದಿಲ್ರಿ

ನನ್ನ ನೌಕರಿ ತಗೀರಿ ಅನ್ನೋರನ್ನ ಹುಡುಕಿಕೊಂಡು ನಾನೇ ಟಿಕೋಟಾ ತಿರುಗಿದೆ. ಇಂಥಾ ನಸೀಬ ಯಾರಿಗೂ ಬ್ಯಾಡ. ಚಹಾದ ಅಂಗಡ್ಯಾಂವನ್ನ ಕೇಳಿದ್ರ, "ಛೆ ಛೆ, ನಿಮ್ಮಂಥಾ ದೇವರಂಥಾ ಮನುಷ್ಯಾರಿಗೆ ನಾ ವಿರೋಧ ಮಾಡ್ಲಾ?" ಅಂತ ಕಿವಿ ಹಿಡಕೊಂಡ. ನನಗ ಇಲ್ಲೆ ಜೀವ ಹೋಗಾಕತ್ತೈತಿ, ಅವ ನೋಡಿದ್ರ ಬಿಸ್ಕೀಟ ಕೊಟ್ಟು ಕಳಿಸಿದ.

ಬಸ್ ಸ್ಟ್ಯಾಂಡ್ ಮುಂದಿನ ಟೇಲರ್ ಕಡೆ ಹೋದೆ. ಅಲ್ಲೆ ಮಂದಿ ಯಾವಾಗ್ಲೂ ಕೂಡಿರ್ತಿದ್ರು. ನನ್ನ ಸಂಕಟ ಎಲ್ಲಾ ಕೇಳಿ ಟೇಲರ್ ಕತ್ತರಿ ಕೆಳಗಿಟ್ಟ. "ನಿಮ್ಮ ಸಂಬಂಧ ವಿರೋಧ ಇಲ್ಲ ಅಂತಲ್ರಿ ಮಾಸ್ತರ. ನೀವು ಬಸ್ ಹತ್ತಿ ಹೋದ ಮ್ಯಾಲ ದಿನಾ ಇಲ್ಲೇ ಕುಂತು ಮಾಡ್ತೇವಿ. ಆದ್ರ ಎದುರಿಗೆ ಅಂದ್ರ ಹೆಂಗ್ರಿ? ನಾವೂ ಮರ್ಯಾದಿ ಇದ್ದ ಮಂದಿ."

ಕಡೀಕ ಉರ್ದು ಮಾಸ್ತರ್ರ ಕೈ ಹಿಡಕೊಂಡೆ. ಅವ್ರಿಗೂ ಜೀವಕ್ಕ ಬ್ಯಾಸರ. "ನಿಮ್ಮ ಮದುವಿ ಊಟ ಉಣ್ಣೋ ಸಲುವಾಗಿ ಮಾಡ್ತೀನಿ. ಸಣ್ಣದಾಗಿ ಏನರ ಅಂದು ಕುಂದರ್ತೀನಿ" ಅಂದ್ರು.

೬. ಸೋಮವಾರ

ಕಮೀಟಿ ಕೂಡಿತು. ಹೆಡ್‌ಮಾಸ್ತರು ತಮ್ಮ ಕುರ್ಚಿಯೊಳಗ ಕುಂತಿದ್ರು. ಉರ್ದು ಮಾಸ್ತರು ಎದ್ದು ನನಗ ಕೈ ಮುಗದು, "ಇವ್ರು ಒಮ್ಮೊಮ್ಮೆ ಕ್ಲಾಸಿಗೆ ತಡಾ ಮಾಡಿ ಹೋಗ್ತಾರ್ರಿ" ಅಂತ ಮೆಲ್ಲಕ ಸುರು ಮಾಡಿದ್ರು. ಒಬ್ಬ ಮೆಂಬರು ತಲಿ ಅಲ್ಲಾಡಿಸಿದ. ಉರ್ದು ಮಾಸ್ತರು ಮೊದಲೇ ಮಾತಿನ ರುಚಿ ಇದ್ದ ಮನುಷ್ಯ, ತಲಿ ಅಲ್ಲಾಡಿದ್ದ ಕಂಡ ಮ್ಯಾಲ ನಿಂದ್ರತಾರೇನು? ಮಧ್ಯಾಹ್ನದ ಪಾಠದಾಗ ನಾ ತೂಕಡಿಸೋದು ಬಂತು. ಮ್ಯಾಪ್ ಹಾಕೋ ಕೋಲಿಲೆ ಬೆನ್ನ ಕೆರಕೊಳ್ಳೋದು ಬಂತು. ದಿನಾ ಒಂದೇ ಸೀಟಿನಾಗ ಕುಂತು ನಾ ಹೇಳಿಕೊಂಡದ್ದೆಲ್ಲ ಒಂದೊಂದಾಗಿ ಹೊರಗ ಬಂತು.

"ಕಡೀ ಮಾತು ಹೇಳ್ತೀನಿ" ಅಂತ ಧ್ವನಿ ಏರಿಸಿದ್ರು. "ಒಂದು ಶಬ್ದ ಎಲ್ಲೆ ಹುಟ್ಟಿತು ಅಂತ ಹುಡುಕೋತ ಹೋದ್ರು. ಉಳಿದ ಪಾಠ ಎಲ್ಲೆ ಸತ್ತವು ಅಂತ ತಿರುಗಿ ನೋಡಲಿಲ್ಲ."

ಮಂದಿ ಚಪ್ಪಾಳಿ ಹೊಡದ್ರು. ಸುಳ್ಳ ಯಾಕ ಹೇಳ್ಲಿ, ನಾನೂ ಹೊಡದೆ. ಆಮ್ಯಾಲ ನನ್ನ ಪರವಾಗಿ ಮಾತಾಡಾಕ ನಾನೇ ಎದ್ದೆ. "ನಾ ಇನ್ನ ಮ್ಯಾಲ ಚಂದಾಗಿ ಕಲಸ್ತೀನ್ರಿ" ಅಂತ ಒಂದ ಮಾತು ಅಂದು ಕುಂತೆ.

ಚೇರಮನ್ನರು ಮೀಸಿ ತಿರುವಿದ್ರು. "ಈಗ ತೀರ್ಪು ಆಗಬೇಕು. ಈ ಊರಾಗ ಚರ್ಚಾದ ತೀರ್ಪು ಕೊಡಾಕ ಬರೋರು ಒಬ್ಬರೇ. ಮಾಸ್ತರ, ನೀವೇ ಹೇಳ್ರಿ. ಯಾರದು ಚಲೋ ಆತು?"

ನಂದು ಚಲೋ ಆತು ಅನ್ನಬೇಕಂದ್ರ ಎಲ್ಲಾರೂ ಕೇಳ್ಯಾರ. ಅವ್ರದು ಅಂದ್ರ ನೌಕರಿ ಹೋತು, ಹುಡುಗಿನೂ ಹೋದಳು. ನಾ ಹಿಂಗ ಲೆಕ್ಕಾ ಹಾಕಾಕತ್ತಿದ್ರ, ತೀರ್ಪು ಕೊಟ್ಟು ಕೊಟ್ಟು ರೂಢಿಯಾದ ಬಾಯಿ ತಾನೇ ಅಂದು ಬಿಡ್ತು, "ವಿರೋಧ ಮಾಡಿದವ್ರದು ಚಲೋ ಆತ್ರಿ."

ಉರ್ದು ಮಾಸ್ತರು ಗಾಬರಿಯಾಗಿ ಜಿಗದು ಎದ್ರು. "ಈ ತೀರ್ಪಿಗೆ ನನ್ನ ವಿರೋಧ ಐತ್ರಿ. ನಾ ಹೇಳಿದ್ದು ಖರೆ, ಆದ್ರ ಇವ್ರು ಕಾಯಂ ಆಗಬೇಕು."

ಚೇರಮನ್ನರಿಗೆ ಎಲ್ಲೆ ಹಿಡಿಬೇಕು, ಎಲ್ಲೆ ಬಿಡಬೇಕು ತಿಳಿಲಿಲ್ಲ. ಗೆದ್ದಾಂವ ಸೋಲ್ತೀನಂತಾನ, ಸೋತಾಂವ ಅವನೇ ಗೆದ್ದ ಅಂತಾನ. ಮೆಂಬರುಗಳು ಒಬ್ಬರ ಮುಖಾ ಒಬ್ಬರು ನೋಡಿದ್ರು. ಕಡೀಕ ಚೇರಮನ್ನರಿಗೆ ಬಬಲೇಶ್ವರದ ಅಜ್ಜ ನೆನಪಾದ. "ಹಂಗಾರ ರಾಜಿ. ಮಾಸ್ತರು ಕಾಯಂ. ಆದ್ರ ಅಪೋಜ್ ಅನ್ನೋ ಶಬ್ದ ಬಂದ ದಿನ ಇಂಗ್ಲಿಷ್ ಪಾಠಕ್ಕ ಉರ್ದು ಮಾಸ್ತರು ಹೋಗಬೇಕು. ಇದಕ್ಕ ಯಾರದರ ವಿರೋಧ ಐತೇನು?"

ಎಲ್ಲಾರಿಗೂ ಒಪ್ಪಿಗಿ ಆಗಿತ್ತು. ನಾ ಉಸಿರು ಬಿಡೋದರಾಗ ಚೇರಮನ್ನರ ಮುಖಾ ಬಾಡಿತು. "ಯಾರೂ ವಿರೋಧ ಮಾಡವಲ್ರಿ. ವಿರೋಧ ಇಲ್ಲಂದ್ರ ಪಾಸ್ ಮಾಡಾಕ ಬರೂದಿಲ್ಲಲ್ಲ" ಅಂದ್ರು. ದಂಡಿಗೆ ಬಂದ ಲಗ್ನ ಮತ್ತ ನಡು ನೀರಿಗೆ ಹೋತು.

ಆಗ ಮೂಲ್ಯಾಗ ಕುರ್ಚಿ ಸಪ್ಪಳಾತು. ಹೆಡ್‌ಮಾಸ್ತರು ಎದ್ದು ನಿಂತಿದ್ರು. ಅವ್ರು ಸಭಾದಾಗ ಎದ್ದು ನಿಂತದ್ದನ್ನ ಊರಾಗ ಯಾರೂ ನೋಡಿದ್ದಿಲ್ಲ.

"ಬಂತು ನೋಡ್ರಿ ವಿರೋಧ" ಅಂತ ಚೇರಮನ್ನರು ಮೇಜು ಗುದ್ದಿದ್ರು. "ಪಾಸಾತು. ಮಾಸ್ತರು ಕಾಯಂ. ಚಹಾ ತರಸ್ರಿ."

ಹೆಡ್‌ಮಾಸ್ತರು ಸುತ್ತ ನೋಡಿ, ಮತ್ತ ಮೆಲ್ಲಕ ಕುಂತ್ರು. ಸಭಾ ಮುಗದ ಕೂಡ್ಲೆ ಬಸ್ ಸ್ಟ್ಯಾಂಡಿನ ತನಾ ಕುಂಟಕೋತ ನನ್ನ ಹಿಂದ ಬಂದ್ರು. ಬಾಜೂಕ ಕರದು, ಯಾರರ ಕೇಳ್ಯಾರೇನಂತ ಆ ಕಡೆ ಈ ಕಡೆ ನೋಡಿ ಅಂದ್ರು:

"ಮಾಸ್ತರ, ತಪ್ಪ ತಿಳಕೋಬ್ಯಾಡ್ರಿ. ನಿಮ್ಮ ಮ್ಯಾಲ ನಂದೇನೂ ವಿರೋಧ ಇಲ್ಲ. ಕಾಲು ಜೋಮು ಹಿಡದಿತ್ತು."