ಮಿಲ್ಟ್ರಿ ಬಾಬಾಸಾಬನ ಕುರ್ಚಿ

ಇಪ್ಪತ್ತು ವರ್ಷ ಹಿಮದ ಘಟ್ಟಗಳಲ್ಲಿ ಸೈನ್ಯದ ಲಾರಿ ಓಡಿಸಿ, ಯಾವುದಕ್ಕೂ ಹೆದರದೆ ಯರಗುಪ್ಪಿಗೆ ಮರಳಿದ ಬಾಬಾಸಾಬ, ಊರಿಗೆ ಬಂದ ಮೇಲೆ ಹೆದರಿದ್ದು ಒಂದು ಪ್ಲಾಸ್ಟಿಕ್ ಕುರ್ಚಿಗೆ.

ಅವನ ಕೈಗಳು ನಡುಗುತ್ತಿದ್ದವು. ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ‘ಸುಮ್ಮನೆ ಕೂತಷ್ಟೂ ಇದು ಹೆಚ್ಚು. ಸ್ಟೇರಿಂಗ್ ಬಿಡಬೇಡ’ ಎಂದು ಮಿಲಿಟರಿ ಡಾಕ್ಟರು ಹೇಳಿ ಕಳಿಸಿದ್ದರು. ಆದರೆ ಸ್ಟೇರಿಂಗ್ ಕೊಡುವವರು ಯಾರು? ಅವನು ಯಾರದಾದರೂ ಟ್ರ್ಯಾಕ್ಟರ್ ಹತ್ತಿರ ಹೋದರೆ ಸಾಕು, ಆ ನಡುಗುವ ಕೈ ನೋಡಿ ಊರವರ ಕರುಳು ಚುರ್ರೆನ್ನುತ್ತಿತ್ತು. “ದೇಶಾ ಕಾದು ದಣದೀರಿ ಕಾಕಾ, ಕುಂದರ್ರಿ” ಎಂದು ಕುರ್ಚಿ ತಂದಿಡುತ್ತಿದ್ದರು. ಕೂತರೆ ಕೈ ಇನ್ನಷ್ಟು ನಡುಗುತ್ತಿತ್ತು. ನಡುಗಿದರೆ ಮತ್ತೆ ಕುರ್ಚಿ. ಅವನ ಹೊಲವನ್ನೂ ಅವರೇ ಹರಗಿ ಕೊಟ್ಟಿದ್ದರು. ಪ್ರೀತಿಗೆ ಕಣ್ಣಿಲ್ಲ ಅನ್ನುತ್ತಾರಲ್ಲ, ಯರಗುಪ್ಪಿಯವರ ಪ್ರೀತಿಗೆ ಕಿವಿಯೂ ಇರಲಿಲ್ಲ. ಮನೆಯಲ್ಲಿ ಹೆಂಡತಿ ನಸೀಮಾಬಿಯದೂ ಅದೇ ಮಾತು: “ನೀವು ದುಡದ್ರ ಮಂದಿ ನನ್ನ ಮಾರಿಗೆ ಉಗಳ್ತಾರ. ಕುಂದರ್ರಿ.”

ಅಂಥದರಲ್ಲಿ ಒಂದು ಐತವಾರ ಮುಂಜಾನೆ ಯುವಕ ಮಂಡಳದ ಸಂಗನಬಸವ ಓಡುತ್ತ ಬಂದ.

“ಕಾಕಾ, ನಿಮಗ ಹೇಳಿರಲಿಲ್ಲ. ಇವತ್ತ ಟ್ರ್ಯಾಕ್ಟರ್ ರಿವರ್ಸ್ ರೇಸ್ ಇಟ್ಟೇವಿ. ಟ್ರೇಲರ್ ಹಚ್ಚಿ ಹಿಂದಕ್ಕ ಓಡಸಬೇಕು, ಬಾಜೂಕಿನ ಕೋಲಿಗೆ ತಾಗಿದ್ರ ಔಟ್. ಎಲ್ಲಾ ಕಷ್ಟದಾಗಿರೋ ಮಾಜಿ ಸೈನಿಕರ ಸಲುವಾಗಿ!”

“ನಮ್ಮೂರಾಗ ಅಂಥವ್ರು ಎಷ್ಟು ಮಂದಿ ಅದೀವಿ?”

“ನೀವೊಬ್ರ.”

ಬಾಬಾಸಾಬನಿಗೆ ಜೀವ ಬಂದಂತಾಯಿತು. “ಹಂಗಾದ್ರ ನನ್ನ ಹೆಸರು ಮೊದಲ ಬರಕೋ!”

“ಅಯ್ಯ, ನೀವ್ಯಾಕ ಓಡಸ್ತೀರಿ ಕಾಕಾ? ನಿಮ್ಮ ಸಲುವಾಗಿ ನಾವು ಓಡಸ್ತೀವಿ.”

“ಮತ್ತ ನಾ ಏನ್ ಮಾಡ್ಲೆಪಾ?”

“ನೀವು ಕುಂದರ್ರಿ.”

ಕಡಲೆ ಕಿತ್ತ ಹೊಲದಲ್ಲಿ ಪೆಂಡಾಲು ಎದ್ದಿತ್ತು. ಬಾಬಾಸಾಬನಿಗೆ ರುಮಾಲು ಸುತ್ತಿ, ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟು ನಟ್ಟನಡುವೆ ಕೂರಿಸಿದರು. ಎದುರಿಗೆ ಒಂದೊಂದೇ ಟ್ರೇಲರ್ ಸೊಟ್ಟ ತಿರುಗಿ ಕೋಲು ಕೆಡವುತ್ತಿತ್ತು. ನೋಡಲಾರದೆ ಬಾಬಾಸಾಬ ಮೆಲ್ಲಗೆ ಎದ್ದ.

“ಎಲ್ಲಿ ಹೊಂಟೀ ತಮ್ಮಾ?” ನೆರೆಮನೆಯ ಮಲ್ಲಕ್ಕ ಶಾಲು ಹಿಡಿದೇ ಕೇಳಿದಳು.

“ನೀರು ಕುಡಿಯಾಕ ಅಕ್ಕಾ.”

“ನೀರು ನಾ ತರ್ತೀನಿ, ನೀ ಕುಂದರು.”

ಎರಡನೆಯ ಸಲ ಎದ್ದಾಗ ಅವನು ಕಿರುಬೆರಳು ತೋರಿಸಿದ. ಇದನ್ನಂತೂ ಅವನ ಬದಲು ಮಲ್ಲಕ್ಕ ಮಾಡುವಂತಿರಲಿಲ್ಲ. ಬಿಟ್ಟಳು.

ಪೆಂಡಾಲಿನ ಹಿಂದೆ, ರೇಸಿಗೆ ಹೆಸರು ಕೊಟ್ಟಿದ್ದ ಮಲಕಪ್ಪ ತನ್ನ ಟ್ರ್ಯಾಕ್ಟರ್ ಚಾಲೂ ಇಟ್ಟುಕೊಂಡೇ ಹೊಟ್ಟೆ ಹಿಡಿದು ನಿಂತಿದ್ದ. ಮುಂಜಾನೆಯಿಂದ ಮಿರ್ಚಿ ಭಜಿ ಎಷ್ಟು ತಿಂದಿದ್ದನೋ ದೇವರೇ ಬಲ್ಲ. “ಕಾಕಾ, ಗಾಡಿ ಒಂದೀಟು ನೋಡ್ಕೋರಿ, ಬಂದೆ!” ಎಂದವನೇ ತಂಬಿಗೆ ಹಿಡಿದು ಬೇಲಿಯತ್ತ ಓಟ ಕಿತ್ತ. ಅದೇ ಹೊತ್ತಿಗೆ ಮೈಕು ಕೂಗಿತು: “ಮಲಕಪ್ಪನ ಗಾಡಿ ಬರ್ಲಿ!”

ಬಾಬಾಸಾಬ ತೆಂಗಿನಕಾಯಿ ಬಿಸಾಕಿ ಟ್ರ್ಯಾಕ್ಟರ್ ಹತ್ತಿದ.

ಸ್ಟೇರಿಂಗ್ ಹಿಡಿದದ್ದೇ ತಡ, ಎರಡೂ ಕೈ ನಡುಗದೆ ಗಪ್ಪಾದವು. ರುಮಾಲು ಗಾಳಿಗೆ ಬಿಚ್ಚಿತು, ಶಾಲು ಹಾರಿತು, ಟ್ರೇಲರ್ ಮಾತ್ರ ಸಂಜೆಯ ಎಮ್ಮೆ ತನ್ನ ಗೂಟಕ್ಕೆ ಹೋದಂತೆ ನೆಟ್ಟಗೆ ಹಿಂದಕ್ಕೆ ಹೋಯಿತು. “ಯಾರರ ಇಳಸ್ರೋ! ದಣೀತಾನ!” ಎಂದು ಮಲ್ಲಕ್ಕ ಕುರ್ಚಿ ಎತ್ತಿಕೊಂಡು ಬಾಜುವಿನಲ್ಲೇ ಓಡಿದಳು. ಒಂದು ಕೋಲೂ ಅಲುಗಲಿಲ್ಲ. ಊರಿಗೆ ಬಂದ ಮೇಲೆ ಮೊದಲ ಸಲ ಬಾಬಾಸಾಬನ ಎದೆ ಹಗುರಾಯಿತು. ಖುಷಿಗೆ ಕಣ್ಣಲ್ಲಿ ನೀರು ಬಂತು. ಗೆದ್ದದ್ದೂ ಅವನೇ.

ಇಳಿದು ಬಂದು ಮೈಕಿಗೆ ಕೈ ಚಾಚಿದ. ದಿನಾ ಒಂದು ತಾಸು ಟ್ರ್ಯಾಕ್ಟರ್ ಕೊಡ್ರಿ, ಬೇರೇನೂ ಬೇಡ ಎಂದು ಕೇಳುವವನಿದ್ದ. ಸಂಗನಬಸವ ಮೈಕು ಬಿಡಲಿಲ್ಲ.

“ನಡಗೂ ಕೈಲೆ ಕಾಕಾ ನಮ್ಮ ಮಾನ ಉಳಿಸ್ಯಾರ! ಇನ್ ಮ್ಯಾಲೆ ಇವ್ರನ್ನ ಯಾರೂ ದಣಿಸಬಾರ್ದು. ಅದಕ್ಕ, ಊರೆಲ್ಲಾ ಕೂಡಿ ಹುಬ್ಬಳ್ಳಿಯಿಂದ ಇದನ್ನ ತರಿಸೇವಿ!”

ಪೆಂಡಾಲಿನ ಮೂಲೆಯಲ್ಲಿ ಮುಚ್ಚಿದ್ದ ತಾಡಪತ್ರಿ ಸರಿಯಿತು. ಒಳಗಿತ್ತು ಎಮ್ಮೆಯಷ್ಟು ದೊಡ್ಡದೊಂದು ಮೆತ್ತನೆಯ ಕುರ್ಚಿ.

“ಕಾಲ ಚಾಚಬೌದು, ಹಿಂದಕ್ಕ ಬಾಗತೈತಿ. ರಿವರ್ಸ್ ಇದಕ್ಕೂ ಬರ್ತೈತಿ ಕಾಕಾ!”

ಅಷ್ಟರಲ್ಲಿ ನಸೀಮಾಬಿ ಗಂಡನ ಕೈ ಹಿಡಿದು ಕೂಗಿದಳು, “ಅಯ್ಯ, ನೋಡ್ರಿ! ಕೈ ನಡಗವಲ್ವು!”

“ಗಾಡಿ ಓಡಿಸಿದ್ದಕ್ಕ...” ಎಂದ ಬಾಬಾಸಾಬ.

“ಕುರ್ಚಿ ನೋಡಿದ್ದಕ್ಕ!” ಮಲ್ಲಕ್ಕ ತೀರ್ಪು ಕೊಟ್ಟಳು. “ಬರೇ ನೋಡಿದ್ದಕ್ಕ ಇಷ್ಟು ಆರಾಮಾತು, ಕುಂತ್ರ ಎಷ್ಟಾಗಬ್ಯಾಡ!”

ಹೊಸ ಕುರ್ಚಿಯನ್ನು ಟ್ರೇಲರಿಗೇರಿಸಿ, ಬಾಬಾಸಾಬನನ್ನು ಅದರಲ್ಲಿ ಒರಗಿಸಿದರು. ಹಲಗಿ ಬಾರಿಸುತ್ತ ಮೆರವಣಿಗೆ ಹೊರಟಿತು. ಹೊಟ್ಟೆ ಹಗುರಾಗಿ ಬಂದ ಮಲಕಪ್ಪನೇ ಡ್ರೈವರ್. ಹೊಲದಿಂದ ಹೊರಬೀಳಲು ಅವನು ಗಾಡಿ ಹಿಂದಕ್ಕೆ ಬಿಟ್ಟ. ಟ್ರೇಲರ್ ಸೊಟ್ಟ ತಿರುಗಿ ಪೆಂಡಾಲಿನ ಕಂಬದತ್ತ ನಡೆಯಿತು.

“ಹೊರಳ್ಸೋ ಮಲಕಪ್ಪಾ, ಹೊರಳ್ಸೋ!” ಬಾಬಾಸಾಬ ಕೂಗಿದ. ಹಲಗಿಯ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಅವನ ಎರಡೂ ಕೈ ತಾವಾಗಿಯೇ ಮೇಲೆದ್ದು, ಅಲ್ಲಿ ಇಲ್ಲದ ಸ್ಟೇರಿಂಗನ್ನು ಗರಗರ ತಿರುಗಿಸತೊಡಗಿದವು.

“ಏ, ಕಾಕಾ ನಮಗ ಕೈ ಮಾಡಾಕತ್ತಾರ!” ಎಂದ ಸಂಗನಬಸವ. ಇಡೀ ಊರು ತಿರುಗಿ ಕೈ ಬೀಸಿತು.

ಮಲ್ಲಕ್ಕ ಮಾತ್ರ ಕಣ್ಣು ಕಿರಿದು ಮಾಡಿ ನೋಡಿದಳು. “ಕೈ ಮಾಡೂದಲ್ಲೋ ಅದು. ಪಾಪ, ಮತ್ತ ನಡುಕ ಸುರು ಆತು. ಕುರ್ಚಿ ಇನ್ನೊಂದೀಟು ಹಿಂದಕ್ಕ ಬಾಗಸ್ರಿ!”

ಬಾಗಿಸಿದರು. ಬಾಬಾಸಾಬನಿಗೆ ಈಗ ಆಕಾಶವೊಂದೇ ಕಾಣುತ್ತಿತ್ತು. ಕಂಬ ಮುರಿದ ಸದ್ದು ಮಾತ್ರ ಚೆನ್ನಾಗಿ ಕೇಳಿಸಿತು.