ಉದ್ದನಪಲ್ಲಿ ಕೆರೆಯ ದೊಡ್ಡಬಾಯಿ ಬ್ಯಾಸ್

ಎರಡು ಸಾವಿರದ ಆರನೇ ಇಸವಿಯಲ್ಲಿ ಹೊಸೂರಿನ ಒಂದು ಗೇರ್ ಕಾರ್ಖಾನೆಯಲ್ಲಿ ದೊಡ್ಡಬಾಯಿ ಬ್ಯಾಸ್ ಮೀನು ತಿಳಿವಳಿಕೆ ಸಮಿತಿಯು ವಿಧ್ಯುಕ್ತವಾಗಿ ಅಸ್ತಿತ್ವಕ್ಕೆ ಬಂದಿತು. ಗೇರುಗಳನ್ನು ಕೊಳ್ಳುವ ಅಮೆರಿಕದ ದೊರೆ ಕಾರ್ಖಾನೆ ನೋಡಲು ಬರುವವನಿದ್ದ. ಗಾಳ ಹಾಕಿ ಆ ಮೀನು ಹಿಡಿಯುವುದೆಂದರೆ ಆತನಿಗೆ ಪ್ರಾಣ. ಅಂಥ ಮೀನು ಈ ಸೀಮೆಯ ಯಾವ ಕೆರೆಯಲ್ಲೂ ಇಲ್ಲವೆಂಬುದು ಮೊದಲ ಸಭೆಯಲ್ಲೇ ತಿಳಿದುಬಂತು. ಅದನ್ನೊಂದು ಅಡ್ಡಿಯೆಂದು ಸಮಿತಿ ಭಾವಿಸಲಿಲ್ಲ.

ಕೆಲಸ ಭೈರೇಶನ ತಲೆಗೆ ಬಿತ್ತು. ಮಾಲೂರಿನ ಕಡೆಯಿಂದ ಬಂದು, ತಾಯಿ ಕಮಲಮ್ಮನ ಜೊತೆ ಆಲಸನತ್ತಂನಲ್ಲಿ ಬಾಡಿಗೆಗಿದ್ದ ಈತ ಅಲ್ಲಿ ಬಹುಕಾಲದ ಟ್ರೈನಿ. ವರ್ಷ ತುಂಬುತ್ತಲೇ ಒಂದು ವಾರ ಮನೆಗೆ ಕಳಿಸಿ, ಮತ್ತೆ ಹೊಸಬನೆಂದು ಸೇರಿಸಿಕೊಳ್ಳುವುದು ಕಾರ್ಖಾನೆಯ ಪದ್ಧತಿ. ಅವನಿಗೆ ಒಪ್ಪಿಗೆಯಾಗಿದ್ದ ಹುಡುಗಿಯ ತಂದೆ ರಾಮಕೃಷ್ಣಪ್ಪನವರು ಮಾತ್ರ, ಪರ್ಮನೆಂಟ್ ಆರ್ಡರ್ ಕಣ್ಣಾರೆ ಕಾಣುವತನಕ ತಾಂಬೂಲದ ಮಾತೇ ಇಲ್ಲ ಎಂದುಬಿಟ್ಟಿದ್ದರು. ದೊರೆಯ ಕೈಗೆ ಮೀನು ಬಂದರೆ ನಿನ್ನ ಕೈಗೆ ಆರ್ಡರ್ ಬರುತ್ತದೆ ಎಂದು ಎಚ್.ಆರ್. ಮ್ಯಾನೇಜರ್ ಉಷಾರಾಣಿ ಮೇಡಂ ಭರವಸೆ ಕೊಟ್ಟರು.

ಭೈರೇಶ ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ಬ್ಯಾಸ್ ಮೀನಿನ ಸ್ವಭಾವ ಅರೆದು ಕುಡಿದು, ಇಡೀ ಶಿಫ್ಟಿಗೆ ಪಾಠ ಮಾಡಿದ. ಅದು ಬಿಸಿಲಿಗೆ ಬಾರದು. ಮುಳುಗಿದ ಕೊರಡಿನ ನೆರಳಲ್ಲಿ, ಜೊಂಡಿನ ಅಂಚಿನಲ್ಲಿ ಹೊಂಚುಹಾಕಿ ಕೂರುತ್ತದೆ. ಹಸಿವಿಲ್ಲದಿದ್ದರೂ ಮೂತಿಯ ಮುಂದೆ ಏನಾದರೂ ಅಲ್ಲಾಡಿದರೆ ಸಿಟ್ಟಿಗೇ ಬಾಯಿ ಹಾಕುತ್ತದೆ. ನಿಜವಾದ ಹುಳು ಬೇಕಿಲ್ಲ, ಹುಳುವಿನಂತೆ ಕುಣಿಯುವ ರಬ್ಬರ್ ತುಂಡು ಸಾಕು. ಈ ಕೊನೆಯ ಮಾತನ್ನು ಮೇಡಂ ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು.

ಉದ್ದನಪಲ್ಲಿ ಕೆರೆಯಲ್ಲಿ ಒಳ್ಳೆಯ ಕೊರಮೀನು ಇತ್ತು, ಅದರ ಬಾಯಿಯೂ ದೊಡ್ಡದೇ. ನೋಟೀಸ್ ಬೋರ್ಡಿನಲ್ಲಿ ಪ್ರಕಟಣೆ ಬಿತ್ತು: “ಉದ್ದನಪಲ್ಲಿ ಕೆರೆಯ ಕೊರಮೀನನ್ನು ದೊರೆಯವರ ಭೇಟಿ ಮುಗಿಯುವವರೆಗೆ ಬ್ಯಾಸ್ ಎಂದು ಪರಿಗಣಿಸತಕ್ಕದ್ದು. ಸದರಿ ಮೀನನ್ನು ಹಳೆಯ ಹೆಸರಿನಿಂದ ಕರೆದವರ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು.” ಕೆರೆಯ ಮೀನು ಗುತ್ತಿಗೆ ಹಿಡಿದಿದ್ದ ಚಿನ್ನಸ್ವಾಮಿ ಈ ಆದೇಶವನ್ನು ತುಂಬುಹೃದಯದಿಂದ ಒಪ್ಪಿ, ಫಾರಿನ್ ಮೀನಿಗೆ ಫಾರಿನ್ ರೇಟು ಹಾಕಿದ.

ದೊರೆ ಬಂದ, ರಬ್ಬರ್ ಹುಳು ಎಸೆದ. ಕೊರಮೀನು ಪ್ರಕಟಣೆ ಓದಿದ್ದಂತೆಯೇ ನಡೆದುಕೊಂಡು ಗಬಕ್ಕನೆ ಕಚ್ಚಿತು. ಭೈರೇಶನಿಗೆ ಹೋದ ಜೀವ ಬಂದಂತಾಯಿತು. ದೊರೆ ಮೀನನ್ನು ತಿರುಗಿಸಿ ನೋಡಿ, ಇದು ಬ್ಯಾಸ್ ಅಲ್ಲ, ಆದರೂ ಗಟ್ಟಿ ಆಸಾಮಿ ಎಂದು ಮೆಚ್ಚಿ, ಎದೆಗೊತ್ತಿಕೊಂಡು ಫೋಟೋ ತೆಗೆಸಿಕೊಂಡು, ನೀರಿಗೆ ಬಿಟ್ಟುಬಿಟ್ಟ.

“ಮಸಾಲೆ ಅರ್ದು ಮಡಗೀವಿ, ಈವಯ್ಯ ಬಿಟ್ಬುಟ್ನಲ್ಲಪ್ಪಾ,” ಎಂದ ಚಿನ್ನಸ್ವಾಮಿ.

ದೊರೆ ತನ್ನ ನಾಡಿನ ನಿಯಮ ವಿವರಿಸಿದ: ಹಿಡಿಯಬೇಕು, ಫೋಟೋ ತೆಗೆಸಬೇಕು, ಬಿಡಬೇಕು, ಬಿಟ್ಟದ್ದು ಬರುವ ವರ್ಷ ಇನ್ನೂ ದಪ್ಪವಾಗಿ ಸಿಗುತ್ತದೆ. ಇಷ್ಟು ದೊಡ್ಡ ಆಡಳಿತ ತತ್ವ ಇಷ್ಟು ದಿನ ತಮಗೆ ಹೊಳೆಯಲಿಲ್ಲವಲ್ಲ ಎಂದು ಉಷಾರಾಣಿ ಮೇಡಂ ಬೆರಗಾದರು.

ಮರುದಿನ ಕ್ಯಾಂಟೀನಿನಲ್ಲಿ ಸಮಾರಂಭ. ಭೈರೇಶನಿಗೆ ಹಾರ ಹಾಕಿ, ಪರ್ಮನೆಂಟ್ ಆರ್ಡರನ್ನು ಕೈಗಿತ್ತರು. ಖುಷಿಗೆ ಅವನ ಕಣ್ಣು ತುಂಬಿತು. ಫೋಟೋ ಆಯಿತು, ಚಪ್ಪಾಳೆ ಆಯಿತು. ಆಮೇಲೆ ಮೇಡಂ ಮೆಲ್ಲಗೆ ಆರ್ಡರನ್ನು ವಾಪಸ್ ತೆಗೆದುಕೊಂಡರು.

“ಮೇಡಂ, ಆರ್ಡರು?”

“ಬಿಟ್ಟಿದ್ದೀವಿ ಭೈರೇಶ್. ಬರೋ ವರ್ಷ ನೀವು ಇನ್ನೂ ಬೆಳೆದು ಸಿಗ್ತೀರಿ.”

ಭೈರೇಶ ಚಾಚಿದ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ. ಆದರೆ ಸುತ್ತಲಿನ ಟ್ರೈನಿಗಳು ತಮ್ಮ ಸರದಿ ಯಾವಾಗ ಎಂದು ಮೇಡಮ್ಮನ್ನು ಮುತ್ತಿಕೊಂಡದ್ದನ್ನು ಕಂಡು, ತನಗೆ ಸಿಕ್ಕಿದ್ದು ಸಣ್ಣದಲ್ಲ ಎಂದುಕೊಂಡ.

ರಾಮಕೃಷ್ಣಪ್ಪನವರು ಆರ್ಡರ್ ಹಿಡಿದ ಆ ಫೋಟೋವನ್ನು ಕನ್ನಡಕ ಏರಿಸಿ ನೋಡಿದರು. ಮಾತಿಗೆ ತಪ್ಪುವ ಮನುಷ್ಯರಲ್ಲ. ಭಾನುವಾರ ನೆಂಟರೊಡನೆ ಬಂದು ತಾಂಬೂಲದ ತಟ್ಟೆ ಕೊಟ್ಟರು, ಫೋಟೋ ತೆಗೆಸಿದರು, ತಟ್ಟೆ ವಾಪಸ್ ಇಸಕೊಂಡು, ಕಾಫಿ ಕುಡಿದು ಬಸ್ಸು ಹತ್ತಿದರು.

“ಮೊಕ ಬಾಡಿಸ್ಕಬ್ಯಾಡ ಕಣ್ಲಾ,” ಎಂದಳು ಕಮಲಮ್ಮ. “ಫೋಟೋದಾಗೆ ಎಲ್ಲಾ ಆಗೈತಲ್ಲ.”

ಎರಡೂ ಫೋಟೋಗಳಿಗೆ ಕಟ್ಟು ಹಾಕಿಸಿ ಬಾಗಿಲಿಗೆ ಎದುರಾಗಿ ತೂಗುಹಾಕಿದಳು. ಎರಡರಲ್ಲೂ ಭೈರೇಶನ ಬಾಯಿ ಅಗಲವಾಗಿ ತೆರೆದಿತ್ತು. ಸೋಮವಾರದಿಂದ ಅವನಿಗೆ ಎಂದಿನ ಹಾಗೆ ಒಂದು ವಾರ ಬ್ರೇಕು.