ತಡವಾಗಿ ಬಂದ ‘ಇದೇ ಇದೇ’

ತಂಗಿ ರೇಣುಕಾ ನನ್ನನ್ನು ಕೇಳಿದ್ದು ಒಂದೇ ಒಂದು. “ಅಣ್ಣಾ, ಧಾರೆ ಸೀರೆ ತರಾಕ ಹೊಸಪೇಟೆಗೆ ನನ್ನೂ ಕರಕೊಂಡು ಹೋಗು.” ನಾನು ಕರೆದುಕೊಂಡು ಹೋಗಲಿಲ್ಲ. ಅಷ್ಟೇ ನನ್ನ ಅಪರಾಧ. ಉಳಿದಿದ್ದೆಲ್ಲ ಅದರ ಬಾಲ.

“ಬಂಡ್ರಿಯಿಂದ ಬಸ್ಸಿನಾಗ ಯಾಕ ಒದ್ದಾಡ್ತಿ? ಮನ್ಯಾಗ ಕುಂತು ವಿಡಿಯೋದಾಗ ನೋಡು. ಮೊನ್ನೆ ಭಾಳ ದುಬಾರಿ ಪ್ಯಾಕ್ ಹಾಕಿಸೀನಿ. ನೆಟ್ಟು ಅಂದ್ರ ರಾಕೆಟ್!” ಎಂದೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಊರಲ್ಲಿ ನನಗಿದ್ದ ಮರ್ಯಾದೆಯೆಂದರೆ ಆ ರೀಚಾರ್ಜ್ ಒಂದೇ. ಅದನ್ನು ನಾಲ್ಕು ಜನರೆದುರು ಓಡಿಸಿ ತೋರಿಸಬೇಡವೇ?

ಸೀರೆ ಅಂಗಡಿಯ ಗಾದಿಯ ಮೇಲೆ ಮಹಾರಾಜನಂತೆ ಕುಳಿತು ಫೋನ್ ಹಚ್ಚಿದೆ. ತಂಗಿಯ ಮುಖ ಬಂತು. ಬಂದದ್ದು ಬಂದ ಹಾಗೇ ನಿಂತಿತು. ಒಂದು ಕಣ್ಣು ಮುಚ್ಚಿತ್ತು, ಬಾಯಿ ತೆರೆದಿತ್ತು.

“ಹುಡುಗಿಗೆ ಹುಷಾರಿಲ್ಲೇನ್ರಿ?” ಅಂಗಡಿಯವರು ಗಾಬರಿಯಾದರು.

“ಏನಿಲ್ರಿ, ನೆಟ್ಟು ಬಿಸಿ ಆಗಕತ್ತೈತಿ,” ಎಂದೆ. ಹಳೇ ಟ್ರ್ಯಾಕ್ಟರಿಗೆ ಹೇಳುವ ಮಾತು!

ಫೋನ್ ಹಿಡಿದು ಬಾಗಿಲಿಗೆ ಹೋದೆ. ಆಮೇಲೆ ಮೆಟ್ಟಿಲಿಗೆ. ಕೊನೆಗೆ ಸ್ಟೂಲ್ ಹತ್ತಿ ಫ್ಯಾನಿನ ಪಕ್ಕ ನಿಂತೆ. ಅಲ್ಲಿ ನೆಟ್ಟು ಸ್ವಲ್ಪ ಉಸಿರಾಡಿತು. ಅಂಗಡಿಯವರು ಕೆಳಗಿನಿಂದ ಒಂದೊಂದೇ ಸೀರೆ ಎತ್ತಿ ಹಿಡಿದರು. ಹಳದಿ, ಹಸಿರು ಅಂಚು. ಸದ್ದಿಲ್ಲ. ನೀಲಿ. ಸದ್ದಿಲ್ಲ. ಮೂರನೆಯದು ಎತ್ತಿದಾಗ ಫೋನ್ ಕಿರುಚಿತು: “ಇದೇ! ಇದೇ ಅಣ್ಣಾ!”

ಆ ಕೂಗು ಹೊರಟಿದ್ದು ಹಳದಿ ಸೀರೆಗೆ. ಬಂದು ಮುಟ್ಟಿದ್ದು ಮೂರನೆಯದಕ್ಕೆ. ದುಡ್ಡು ಕೊಟ್ಟಿದ್ದು ರಾಕೆಟ್ಟಿಗೆ; ಸಿಕ್ಕಿದ್ದು ಕಂಪ್ಲಿಯ ಕಬ್ಬಿನ ಗಾಡಿ!

ನನಗೆ ಅನುಮಾನ ಬರಲಿಲ್ಲವೇ? ಬಂತು. ಆದರೆ “ತಡೀರಿ, ನನ್ನ ನೆಟ್ಟು ಹಿಂದ ಬಿದ್ದೈತಿ” ಎಂದು ಸ್ಟೂಲಿನ ಮೇಲೆ ನಿಂತು ಹೇಳುವುದು ಹೇಗೆ? ಘನತೆಯಿಂದ ಇಳಿದು ಸೀರೆ ಕಟ್ಟಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ವಾಪಸ್ ಕೊಡಬಹುದಿತ್ತು. ಬುದ್ಧಿವಂತ ನಾನು, ರವಿಕೆ ತುಂಡನ್ನೂ ಅಲ್ಲೇ ಕತ್ತರಿಸಿಕೊಂಡು ಬಂದೆ!

ಮನೆಯಲ್ಲಿ ರೇಣುಕಾ ಕವರ್ ಬಿಚ್ಚಿದಳು. ಅದಿರು ಲಾರಿ ಹೋದ ರಸ್ತೆಯ ಧೂಳಿನ ಕೆಂಪು.

“ನಾ ಇದೇ ಅಂದಿದ್ದು ಹಳದಿಗೆ! ಇದನ್ನ ತರಾಕ ಹೊಸಪೇಟೆಗೆ ಹೋಗಿದ್ದೇನು? ಬಿಳಿ ಸೀರೆ ಉಟ್ಟು ನಮ್ಮ ಬಾಗಿಲಾಗ ಅರ್ಧ ತಾಸು ನಿಂತಿದ್ರ ಈ ಬಣ್ಣ ತಾನ ಬರ್ತಿತ್ತಲ್ಲ!”

“ನೀನ ಇದೇ ಇದೇ ಅಂತ ಒದರಿದಿ,” ಎಂದುಬಿಟ್ಟೆ.

ಅವ್ವನೂ ನನ್ನನ್ನೇ ನಂಬಿದಳು. ತಂಗಿ ಆಮೇಲೆ ನನ್ನ ಜೊತೆ ಮಾತೇ ಬಿಟ್ಟಳು.

ಮದುವೆಯ ದಿನ ಅದೇ ಸೀರೆ ಉಟ್ಟು ಛತ್ರದ ಕೋಣೆಯಿಂದ ಹೊರಗೆ ಬಂದಳು. ನೆಂಟರ ಹೆಂಗಸೊಬ್ಬರು ಸೆರಗು ಹಿಡಿದು, “ಈ ಬಣ್ಣ ಯಾರು ಆರಿಸಿದ್ರವ್ವಾ?” ಎಂದು ಮೂಗು ಮುರಿದರು.

“ನಾನ ರೀ,” ಎಂದಳು ರೇಣುಕಾ. ನನ್ನ ಕಡೆ ನೋಡಲಿಲ್ಲ.

ಆ ಮಾತು ಮಾತ್ರ ತಡವಿಲ್ಲದೆ ನೇರವಾಗಿ ಬಂದು ಎದೆಗೆ ಬಡಿಯಿತು.

“ಅಲ್ರಿ! ಆಕಿ ಆರಿಸಿದ್ದು ಹಳದಿ,” ಎಂದೆ. “ಆಕಿ ಮಾತು ತಡಾಗಿ ಬಂದಿದ್ದು ನನಗ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ. ತಪ್ಪು ನಂದು.” ಕೊನೆಯ ಮಾತನ್ನು ನೆಲ ನೋಡುತ್ತ ಮೆಲ್ಲಗೆ ಹೇಳಿದೆ.

ರೇಣುಕಾ ಕಿವಿಗೆ ಕೈ ಹಚ್ಚಿದಳು. “ಅಣ್ಣಾ, ಮಾತು ಕಟ್ ಆಗಕತ್ತೈತಿ. ಇನ್ನೊಮ್ಮೆ ಹೇಳು.”

ಇದ್ದದ್ದು ಎರಡು ಮೊಳ ದೂರ!

ನಾನು ಒಂದು ಕುರ್ಚಿ ಎಳೆದುಕೊಂಡೆ, ಅದರ ಮೇಲೆ ಹತ್ತಿ ನಿಂತೆ, ಛತ್ರಕ್ಕೆಲ್ಲ ಕೇಳುವಂತೆ ಕೂಗಿದೆ:

“ತಪ್ಪಾತವ್ವಾ ತಂಗಿ! ನಿನ್ನ ಕರಕೊಂಡು ಹೋಗಬೇಕಿತ್ತು!”